ಆಟಿಯ ಡ್ರಾಯರು

ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾದರೆ ಸಾಕು, ಈಗಲೂ ನನಗೆ ಕನಸಿನಲ್ಲಿ ಕಾಗದಗಳೇ ಬೀಳುತ್ತವೆ. ಕೆಲಸ ಬಿಟ್ಟು ಮೂರು ವರ್ಷವಾಯಿತು. ಉಳಿದವರಿಗೆ ತೀರಿಹೋದ ಅಪ್ಪ ಅಮ್ಮ ಕಾಣುತ್ತಾರಂತೆ, ನನಗೆ ಸಹಿ ಹಾಕಲು ಮರೆತ ಅರ್ಜಿಗಳು ಕಾಣುತ್ತವೆ. ಅವು ಮುಲುಂಡಿನ ನಮ್ಮ ಮನೆಯ ಕಿಟಕಿಯಿಂದ ಒಂದೊಂದಾಗಿ ಒಳಗೆ ಬಂದು, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ತೇಲಾಡಿ, ನನ್ನ ಎದೆಯ ಮೇಲೆ ಕೂರುತ್ತವೆ. ಹೆದರಿಕೆಯೇನೂ ಆಗುವುದಿಲ್ಲ. ಎದ್ದು ಮುಖ ತೊಳೆದು ಕಾಫಿ ಮಾಡಿಕೊಳ್ಳುತ್ತೇನೆ.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯ ಹುಡುಗಿ. ಅವಳಿಗೆ ಲೈಸೆನ್ಸ್ ಮಾಡಿಸಿಕೊಡುವ ಆಫೀಸೊಂದರಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ. ಲಿಫ್ಟಿನಲ್ಲಿ ಸಿಕ್ಕಿದಾಗ, "ಆಂಟಿ, ನೀವೂ ಇದೇ ಕೆಲಸ ಮಾಡ್ತಿದ್ರಂತೆ. ಸಿಂಪಲ್ ಅಲ್ವಾ, ಫಾರ್ಮ್ ಭರನಾ ಹೈ, ಬಸ್," ಅಂದಳು. ಹೌದು ಅಂದೆ. ಮನೆಗೆ ಬಂದು ಕೂತ ಮೇಲೆ, ಅಷ್ಟು ಸುಲಭವಾಗಿ ಹೌದು ಅನ್ನಬಾರದಿತ್ತು ಅನ್ನಿಸಿತು.

ನಮ್ಮ ಆಫೀಸು ಇದ್ದದ್ದು ಮಾಟುಂಗದಲ್ಲಿ, ಒಂದು ಉಡುಪಿ ಹೋಟೆಲಿನ ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ನಾಲ್ಕು ಕಬ್ಬಿಣದ ಕಪಾಟು. ಯಜಮಾನರು ಪದ್ಮನಾಭ ರಾಯರು. ಊರಿನಿಂದ ಬಂದು ಹೋಟೆಲು ತೆರೆಯುವವರಿಗೆ, ಸಣ್ಣ ಅಂಗಡಿ ಇಡುವವರಿಗೆ ಬೇಕಾದ ಸಕಲ ಕಾಗದಗಳನ್ನೂ ಮಾಡಿಸಿಕೊಡುವುದು ಅವರ ವೃತ್ತಿ. ನಾನು ಮದುವೆಯಾಗಿ ಕಾರ್ಕಳದ ಕಡೆಯಿಂದ ಮುಂಬೈಗೆ ಬಂದವಳು ಟೈಪಿಂಗ್ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಸೇರಿದೆ. ಹನ್ನೊಂದು ಗಂಟೆಗೆ ಕೆಳಗಿನಿಂದ ಸಾಂಬಾರಿನ ಒಗ್ಗರಣೆಯ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿತ್ತು. ನಮ್ಮ ಕಡತಗಳಿಗೆಲ್ಲ ಇಂಗಿನ ವಾಸನೆ ಇತ್ತು ಅಂದರೆ ನೀವು ನಂಬಬೇಕು. ಸರಕಾರಿ ಕಚೇರಿಯ ಒಬ್ಬ ಗುಮಾಸ್ತ ಕಣ್ಣು ಮುಚ್ಚಿ ಮೂಸಿ, ಇದು ಮಾಟುಂಗದ ಫೈಲು ಎಂದು ಹೇಳುತ್ತಿದ್ದ.

ನಾನು ಬೆಳಿಗ್ಗೆ ಲೋಕಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ ದಿನ ಅರ್ಧ ನಿದ್ದೆಯಲ್ಲೇ ಮಾಟುಂಗ ತಲುಪುತ್ತಿದ್ದೆ. ಸ್ಟೇಶನ್ನುಗಳು ಬಂದು ಹೋಗುವುದು ಯಾರೋ ದೂರದಲ್ಲಿ ಪುಟ ತಿರುವಿದಂತೆ ಕೇಳುತ್ತಿತ್ತು. ಆ ಅರೆನಿದ್ದೆ ಕೆಲವು ಸಲ ಆಫೀಸಿನೊಳಕ್ಕೂ ನನ್ನ ಜೊತೆಗೆ ಬರುತ್ತಿತ್ತು. ನನ್ನ ಮೊದಲ ಅವಾಂತರ ಅದರಿಂದಲೇ ಆದದ್ದು. ಅಣ್ಣತಮ್ಮಂದಿರು ಇಬ್ಬರು, ಅಣ್ಣನ ಹೋಟೆಲು ದಹಿಸರದಲ್ಲಿ, ತಮ್ಮನದು ಮುಲುಂಡಿನಲ್ಲಿ. ಇಬ್ಬರ ಅರ್ಜಿಯೂ ಒಂದೇ ದಿನ ಬಂತು. ನಾನು ಅಣ್ಣನ ಫೋಟೋವನ್ನು ತಮ್ಮನ ಅರ್ಜಿಗೂ ತಮ್ಮನದನ್ನು ಅಣ್ಣನ ಅರ್ಜಿಗೂ ಅಂಟಿಸಿಬಿಟ್ಟೆ. ಲೈಸೆನ್ಸು ಹಾಗೆಯೇ ಬಂತು, ಮೇಲೆ ದುಂಡು ಮೊಹರು ಬೇರೆ. ನಾನು ಅಳುತ್ತಾ ನಿಂತಿದ್ದೆ. ಅಣ್ಣ ಮಾತ್ರ ಎರಡೂ ಕಾಗದ ಕೈಯಲ್ಲಿ ಹಿಡಿದು ನೋಡಿ, "ಬೇಜಾರ ಮಾಡ್ಬೇಡ ಮಾರಾಯ್ತಿ. ಇನ್‌ಸ್ಪೆಕ್ಟರು ಬರುವ ದಿನ ನಾವು ಗಲ್ಲಾ ಬದಲಾಯಿಸಿ ಕೂತ್ಕೊಳ್ತೇವೆ," ಅಂದರು. ಮರುವರ್ಷ ತಿದ್ದುಪಡಿ ಆಗುವವರೆಗೆ ಅವರು ನಿಜವಾಗಿಯೂ ಹಾಗೆಯೇ ಮಾಡಿದರು.

ಆಗ ಎಲ್ಲ ಟೈಪ್‌ರೈಟರಿನ ಕಾಲ. ಐದು ಪ್ರತಿಗೆ ನಾಲ್ಕು ಕಾರ್ಬನ್. ಐದನೆಯ ಪ್ರತಿಯ ಅಕ್ಷರ ಮಂಜಿನಲ್ಲಿ ಕಂಡಂತೆ ಇರುತ್ತಿತ್ತು, ಅದನ್ನು ನಾವೇ ಇಟ್ಟುಕೊಳ್ಳುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಆಮೇಲೆ ಪೋರ್ಟಲ್ ಬಂತು. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂಬ ಮಾತು ಹೋಗಿ ಸರ್ವರ್ ಡೌನ್ ಎಂಬ ಮಾತು ಬಂತು. ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಕಾಯುವ ಜಾಗ ಬದಲಾಯಿತು ಅಷ್ಟೇ.

ಬದಲಾಗದೆ ಉಳಿದದ್ದು ಒಂದು, ಆಟಿಯ ಡ್ರಾಯರು. ನಮ್ಮ ತುಳುವರಿಗೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು. ಹೊಸದು ಯಾವುದನ್ನೂ ಶುರು ಮಾಡಬಾರದ ತಿಂಗಳು ಅದು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೋಟೆಲು ತೆರೆಯುವುದಂತೂ ಇಲ್ಲವೇ ಇಲ್ಲ. ಹೀಗಾಗಿ ಆ ತಿಂಗಳು ಬಂದ ಹೊಸ ಕಡತಗಳನ್ನು ರಾಯರು ಓದದೆಯೇ ನನ್ನ ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿಸುತ್ತಿದ್ದರು. ಆಟಿ ಮುಗಿದು ಸೋಣ ತಿಂಗಳು ಶುರುವಾಗುವ ಸಂಕ್ರಮಣದ ದಿನ ಊದುಬತ್ತಿ ಹಚ್ಚಿ ಡ್ರಾಯರು ತೆಗೆಯುವುದು. "ಒಳ್ಳೆ ದಿನ ಕೊಟ್ಟ ಅರ್ಜಿ ಅರ್ಧ ಪಾಸಾದ ಹಾಗೆ," ಎನ್ನುತ್ತಿದ್ದರು ರಾಯರು. ಗಿರಾಕಿಗಳೆಲ್ಲ ನಮ್ಮ ಊರಿನವರೇ. ಅವರಿಗೂ ಅದೇ ಬೇಕಿತ್ತು. ಇಷ್ಟು ವರ್ಷ ಒಬ್ಬರೂ ಯಾಕೆ ತಡ ಎಂದು ಕೇಳಿರಲಿಲ್ಲ.

ಹಾಗೆ ಕೇಳುವ ಮೊದಲ ಮನುಷ್ಯರು ಫ್ರಾನ್ಸಿನಿಂದ ಬಂದಿದ್ದರು.

ಸಿಲ್ವಿ ಮೇಡಂ ನಮ್ಮ ಮೆಟ್ಟಿಲು ಹತ್ತಿ ಬಂದದ್ದು ಒಂದು ಬೇಸಿಗೆಯ ಮಧ್ಯಾಹ್ನ. ತೆಳ್ಳಗೆ, ಎತ್ತರ, ಐವತ್ತರ ಆಸುಪಾಸು, ಹತ್ತಿಯ ಸಲ್ವಾರ್, ಕೈಬೆರಳಿಗೆಲ್ಲ ಅಂಟಿನ ಕಲೆ. ಬಾಗಿಲಲ್ಲಿ ನಿಂತು ಶುದ್ಧ ತುಳುವಿನಲ್ಲಿ, "ಎಂಚ ಉಲ್ಲರ್?" ಅಂದರು. ಹೇಗಿದ್ದೀರಿ ಎಂದು. ರಾಯರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲಿಯೇ ನಿಂತಿತು. ಆಕೆಯ ಗಂಡ ಹರೀಶ ನಮ್ಮ ತುಳುನಾಡಿನವರೇ, ಹಡಗಿನಲ್ಲಿ ಅಡುಗೆಯವರಾಗಿದ್ದರು. ಫ್ರಾನ್ಸಿನ ಬಂದರಿನಲ್ಲಿ ಇಬ್ಬರಿಗೂ ಪರಿಚಯವಾಗಿ, ಮದುವೆಯಾಗಿ, ಮುಲುಂಡಿನಲ್ಲಿ ಮನೆ ಮಾಡಿ ಹನ್ನೆರಡು ವರ್ಷ ಇದ್ದರು. ಹಿಂದಿನ ವರ್ಷ ಹರೀಶ ತೀರಿಕೊಂಡಿದ್ದರು. ಆಕೆ ಫ್ರಾನ್ಸಿಗೆ ಹಿಂತಿರುಗಲಿಲ್ಲ. "ನನ್ನ ಮನೆ ಇಲ್ಲಿ," ಅಂದರು, ಬಹಳ ಸಾದಾ ಮಾತಿನಂತೆ.

ಆಕೆಗೆ ತಂದೆಯಿಂದ ಬಂದ ವಿದ್ಯೆ ಪುಸ್ತಕ ಬೈಂಡಿಂಗ್. ಮಾಟುಂಗದ ಕನ್ನಡ ಸಂಘದ ಹಳೆಯ ಪುಸ್ತಕಗಳು, ದೇವಸ್ಥಾನದ ಭಜನೆ ಪುಸ್ತಕಗಳು, ಯಾರದೋ ಅಜ್ಜನ ಪಂಚಾಂಗಗಳು, ಇವನ್ನೆಲ್ಲ ಮನೆಯಲ್ಲಿ ಕೂತು ಹೊಲಿದು ಚರ್ಮದ ಬೆನ್ನು ಹಾಕಿ ಕೊಡುತ್ತಿದ್ದರು. ಶುರುವಿನಲ್ಲಿ ಅಕ್ಷರ ತಿಳಿಯದೆ ಒಂದು ಭಜನೆ ಪುಸ್ತಕಕ್ಕೆ ರಟ್ಟು ತಲೆಕೆಳಗಾಗಿ ಹಾಕಿದ್ದರಂತೆ. ಅರ್ಚಕರು ಅದನ್ನು ಹಾಗೆಯೇ ತಿರುಗಿಸಿ ಹಿಡಿದು ಹಾಡುವುದನ್ನು ನೋಡಿ ಹರೀಶ ಹೆಂಡತಿಗೆ ಕನ್ನಡ ಅಕ್ಷರ ಕಲಿಸಲು ಕೂತರಂತೆ. ಈಗ ಆಕೆಗೆ ಮಾಟುಂಗದಲ್ಲಿ ಒಂದು ಸಣ್ಣ ಅಂಗಡಿ ಬೇಕಿತ್ತು. ಅಂಗಡಿಗೆ ಗುಮಾಸ್ತಾ ಬೇಕು, ಮುಂಬೈಯಲ್ಲಿ ಅಂಗಡಿಯ ನೋಂದಣಿ ಪತ್ರವನ್ನು ಹಾಗೆನ್ನುತ್ತಾರೆ. ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಆಕೆ ಈ ದೇಶದಲ್ಲಿ ಇರಲು ಅನುಮತಿ. ಆ ವಾಸದ ಪರವಾನಗಿ ವರ್ಷಕ್ಕೊಮ್ಮೆ ಹೊಸದಾಗಬೇಕಿತ್ತು. ಅದು ತಪ್ಪಿದರೆ ಅಂಗಡಿಯೂ ಇಲ್ಲ, ಮುಲುಂಡಿನ ಮನೆಯೂ ಇಲ್ಲ, ವಿಮಾನ ಹತ್ತುವುದೊಂದೇ.

ಆಕೆಯ ಕಾಗದಗಳೆಲ್ಲ ಒಂದು ನೀಲಿ ಫೋಲ್ಡರಿನಲ್ಲಿದ್ದವು. ಎರಡು ಮೂಲೆಗೂ ರಬ್ಬರಿನ ಪಟ್ಟಿ. ನಾನು ನನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾದ ಫೋಲ್ಡರು ಕಂಡಿರಲಿಲ್ಲ. ಹನ್ನೆರಡು ವರ್ಷದ ವಿದ್ಯುತ್ ಬಿಲ್ಲು, ತಾರೀಖಿನ ಪ್ರಕಾರ. ಜನನ ಪ್ರಮಾಣಪತ್ರ ಮಾತ್ರ ನಾಲ್ಕು ಇದ್ದವು, ನಾಲ್ಕೂ ಒಂದೇ. ಯಾಕೆ ಎಂದು ಕೇಳಿದೆ. ಅವರ ದೇಶದಲ್ಲಿ ಕಚೇರಿಗೆ ಕೊಡುವ ಜನನ ಪತ್ರ ಮೂರು ತಿಂಗಳಿಗಿಂತ ಹಳೆಯದಾಗಿರಬಾರದಂತೆ.

"ಹುಟ್ಟಿದ್ದು ಒಂದೇ ಸಲ ಅಲ್ವಾ ಮೇಡಂ?" ಅಂದೆ.

"ಹೌದು. ಆದರೆ ಕಾಗದ ಮತ್ತೆ ಮತ್ತೆ ಹುಟ್ಟಬೇಕು," ಅಂದರು ಆಕೆ, ನಗದೆ.

ನಮ್ಮಲ್ಲಿ ತಿರುಗಾಮುರುಗಾ. ಕಾಗದ ಹಳದಿಯಾಗಿ, ಅಂಚು ಗೆದ್ದಲು ತಿಂದು, ಮಡಿಕೆಯಲ್ಲಿ ಹರಿದಿದ್ದರೇ ಸಾಹೇಬರಿಗೆ ನಂಬಿಕೆ. ಹೊಸ ಕಾಗದ ಕಂಡರೆ ಯಾವಾಗ ಮಾಡಿಸಿದ್ದು ಇದು ಎಂದು ಕೇಳುತ್ತಾರೆ.

ಆ ಫೋಲ್ಡರಿನಲ್ಲಿ ಇನ್ನೊಂದು ವಿಚಿತ್ರ ಇತ್ತು. ಬಿಳಿ ಹಾಳೆಯ ಮೇಲೆ ಆಕೆಯೇ ಕೈಯಲ್ಲಿ ಬರೆದ ನಾಲ್ಕು ಸಾಲು, ಕೆಳಗೆ ಸಹಿ. ಸ್ಟ್ಯಾಂಪ್ ಇಲ್ಲ, ನೋಟರಿ ಇಲ್ಲ, ಸಾಕ್ಷಿ ಇಲ್ಲ. ತಾನು ಇಂಥ ವಿಳಾಸದಲ್ಲಿ ವಾಸವಾಗಿದ್ದೇನೆ ಎಂದು ಮಾನದ ಮೇಲೆ ಹೇಳುತ್ತೇನೆ ಎಂದು ಅದರ ಅರ್ಥವಂತೆ. ಅಲ್ಲಿ ಎಷ್ಟೋ ಕಚೇರಿಗಳಲ್ಲಿ ಅದು ನಡೆಯುತ್ತದಂತೆ. ರಾಯರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಎಂತದು ಇದು, ಬರೀ ಮಾತು? ಮಾನಕ್ಕೆ ನಮ್ಮಲ್ಲಿ ಸ್ಟ್ಯಾಂಪ್ ಪೇಪರ್ ಬೇಕಾಗ್ತದೆ ಮೇಡಂ," ಎಂದು ನಕ್ಕರು. ನಾನೂ ನಕ್ಕೆ. ಆಕೆ ಹಾಳೆಯನ್ನು ವಾಪಸು ತೆಗೆದುಕೊಂಡು ಫೋಲ್ಡರಿನಲ್ಲಿ ಅದರ ಜಾಗದಲ್ಲೇ ಇಟ್ಟರು.

ಸ್ವಂತ ಕೆಲಸ ಮಾಡಲು ಬೇಕಾದ ಅನುಮತಿಗೇ ಒಂದು ವರ್ಷ ಓಡಾಡಿದೆವು. ಆ ಒಂದು ವರ್ಷದಲ್ಲಿ ಆಕೆ ನನ್ನನ್ನು ಸುಮತಿಯಕ್ಕ ಎಂದು ಕರೆಯಲು ಶುರು ಮಾಡಿದ್ದರು. ಸಂಜೆ ಇಬ್ಬರೂ ಒಂದೇ ಲೋಕಲಿನಲ್ಲಿ ಮುಲುಂಡಿಗೆ ಬರುತ್ತಿದ್ದೆವು. ಆಕೆ ಕಿಟಕಿಯಾಚೆ ನೋಡುತ್ತಾ ಅಂಗಡಿಯ ಬಗ್ಗೆ ಹೇಳುತ್ತಿದ್ದರು. ಬಾಗಿಲಿಗೆ ಯಾವ ಬಣ್ಣ, ಹೊಲಿಯುವ ಚೌಕಟ್ಟು ಎಲ್ಲಿ, ಹರೀಶನ ಹಡಗಿನ ಟೋಪಿ ಯಾವ ಮೊಳೆಯಲ್ಲಿ. ಕೇಳುತ್ತಾ ಕೇಳುತ್ತಾ ನನಗೂ ಆ ಅಂಗಡಿ ಕಾಣುತ್ತಿತ್ತು. ಒಂದು ಸಲವಂತೂ ಕನಸಿನಲ್ಲಿ ಅಲ್ಲಿ ಗಲ್ಲಾದಲ್ಲಿ ಕೂತಿದ್ದೆ.

ಮರುವರ್ಷದ ಜುಲೈ ಕೊನೆಗೆ ಆಕೆ ನೀಲಿ ಫೋಲ್ಡರು ತಂದು ನನ್ನ ಕೈಗೆ ಕೊಟ್ಟರು. ಎಲ್ಲ ಇದರಲ್ಲಿದೆ ಅಂದರು. ಹೊರಗೆ ಮಳೆ ಹುಯ್ಯುತ್ತಿತ್ತು, ಆಕೆಗೆ ಲೋಕಲು ನಿಲ್ಲುವ ಮೊದಲು ಮನೆ ಸೇರಬೇಕಿತ್ತು. ನಾನು ಗುಮಾಸ್ತಾದ ಕಡತ ಎಂದುಕೊಂಡೆ. ಆಟಿ ಶುರುವಾಗಿ ಹತ್ತು ದಿನವಾಗಿತ್ತು. ರಬ್ಬರ್ ಪಟ್ಟಿ ತೆಗೆಯದೆಯೇ ಫೋಲ್ಡರನ್ನು ಡ್ರಾಯರಿನಲ್ಲಿ ಇಟ್ಟೆ. ಉಳಿದ ಕಡತಗಳನ್ನು ಅಭ್ಯಾಸಬಲದಿಂದ ಹಾಕುತ್ತಿದ್ದೆ. ಇದನ್ನು ಮಾತ್ರ ಪ್ರೀತಿಯಿಂದ ಹಾಕಿದೆ. ಒಮ್ಮೆ ಕಳಕೊಂಡ ಜೀವ, ಈ ಸಲವಾದರೂ ಒಳ್ಳೆ ದಿನದಲ್ಲಿ ಶುರುವಾಗಲಿ ಎಂದು ಮನಸ್ಸಿನಲ್ಲೇ ಕಟೀಲಿನ ದೇವಿಗೆ ಹೇಳಿಕೊಂಡೆ. ಆಕೆಗೆ ಹೇಳಲಿಲ್ಲ. ನಡುವೆ ಎರಡು ಸಲ ಫೋನು ಮಾಡಿ ಕೇಳಿದರು. "ಆಗ್ತಾ ಉಂಟು ಮೇಡಂ," ಅಂದೆ. ಈ ಕೆಲಸದಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು.

ಸೋಣ ಸಂಕ್ರಮಣದ ಬೆಳಿಗ್ಗೆ ರಾಯರು ಊದುಬತ್ತಿ ಹಚ್ಚಿದರು. ನಾನು ಡ್ರಾಯರು ತೆಗೆದು ಮೊದಲಿಗೆ ನೀಲಿ ಫೋಲ್ಡರನ್ನೇ ಎತ್ತಿಕೊಂಡೆ, ಪಟ್ಟಿ ಬಿಚ್ಚಿದೆ. ಮೇಲೆಯೇ ಒಂದು ಹಳದಿ ಚೀಟಿ. ಅದರಲ್ಲಿ ಸೊಟ್ಟ ಸೊಟ್ಟ ಕನ್ನಡ ಅಕ್ಷರಗಳಲ್ಲಿ, "ಸುಮತಿಯಕ್ಕ, ಇದು ಮೊದಲು" ಎಂದು ಬರೆದಿತ್ತು. ಚೀಟಿಯ ಕೆಳಗೆ ಇದ್ದದ್ದು ಗುಮಾಸ್ತಾ ಅರ್ಜಿಯಲ್ಲ, ವಾಸದ ಪರವಾನಗಿ. ಅದರ ಅವಧಿ ಮುಗಿದು ಒಂಬತ್ತು ದಿನವಾಗಿತ್ತು.

ಊದುಬತ್ತಿಯ ಹೊಗೆ ಸುಮ್ಮನೆ ಮೇಲೆ ಹೋಗುತ್ತಿತ್ತು. ಕೆಳಗೆ ಹೋಟೆಲಿನಲ್ಲಿ ಯಾರೋ ಎರಡು ಇಡ್ಲಿ ಒಂದು ವಡೆ ಎಂದು ಕೂಗಿದರು. ನನಗೆ ಇದು ನನ್ನ ಮಧ್ಯಾಹ್ನದ ಕನಸೇ ಇರಬೇಕು, ಈಗ ಎಚ್ಚರವಾಗುತ್ತದೆ ಎಂದು ಸ್ವಲ್ಪ ಹೊತ್ತು ಅನ್ನಿಸಿತು. ಎಚ್ಚರವಾಗಲಿಲ್ಲ.

ರಾಯರು ಗಾಬರಿ ಬೀಳಲಿಲ್ಲ. ಅವರಿಗೆ ಎಲ್ಲಕ್ಕೂ ಒಂದು ಮದ್ದು ಗೊತ್ತಿತ್ತು. "ಜ್ವರ ಅಂತ ಬರಿ. ಹದಿನೈದು ದಿನ ಹಾಸಿಗೆ ಹಿಡಿದಿದ್ರು ಅಂತ. ಡಾಕ್ಟರ ಸರ್ಟಿಫಿಕೇಟು ನಾನು ತರಿಸ್ತೇನೆ," ಅಂದರು. ಅದೂ ಈ ಕೆಲಸದ ರೂಢಿಯೇ. ನಾನು ಬರೆದ ಜ್ವರಗಳನ್ನೆಲ್ಲ ಸೇರಿಸಿದರೆ ಅರ್ಧ ಮುಂಬೈ ಮಲಗಬೇಕು. ಆ ಮಧ್ಯಾಹ್ನವೇ ಸಿಲ್ವಿ ಬಂದರು. ನಾನು ಟೈಪ್ ಮಾಡಿ ಇಟ್ಟಿದ್ದ ಜ್ವರದ ಕಾಗದವನ್ನು ರಾಯರು ಮುಂದೆ ತಳ್ಳಿ, ಇಲ್ಲಿ ಸಹಿ ಮಾಡಿ ಅಂದರು.

ಆಕೆ ಓದಿದರು. "ನನಗೆ ಜ್ವರ ಬರಲಿಲ್ಲ," ಅಂದರು.

"ಅದು ಗೊತ್ತುಂಟು ಮೇಡಂ. ಇದು ಫಾರ್ಮಾಲಿಟಿ."

"ನನಗೆ ಜ್ವರ ಬರಲಿಲ್ಲ. ನಾನು ಸಹಿ ಮಾಡುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಸುಮತಿಯಕ್ಕ, ನಾನು ಜುಲೈಯಲ್ಲಿ ಕೊಟ್ಟೆ. ಯಾಕೆ ಹೋಗಲಿಲ್ಲ?"

ನಾನು ಹೇಳಿದೆ. ಆಟಿ ಎಂದರೆ ಏನು, ಡ್ರಾಯರು ಎಂದರೆ ಏನು, ನಾನು ಏನು ಹಾರೈಸಿ ಅದರಲ್ಲಿ ಇಟ್ಟೆ, ಎಲ್ಲ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಆಕೆ ಜ್ವರದ ಕಾಗದವನ್ನು ಮಡಚಿ ರಾಯರ ಕಡೆಗೆ ಸರಿಸಿದರು.

"ಹರೀಶ ಆಟಿಯಲ್ಲಿ ಹೊಸ ಚಪ್ಪಲಿಯನ್ನೂ ಹಾಕುತ್ತಿರಲಿಲ್ಲ," ಅಂದರು ಕೊನೆಗೆ. "ನನಗೆ ಆಟಿ ಗೊತ್ತು. ಆದರೆ ನೀವು ನನ್ನನ್ನು ಕೇಳಬಹುದಿತ್ತು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಲವತ್ತು ವರ್ಷಗಳ ಹತ್ತಿರ ಹತ್ತಿರ ಜನರ ಕಾಗದ ಹಿಡಿದುಕೊಂಡು ಓಡಾಡಿದವಳು ನಾನು, ಜನರನ್ನು ಒಂದು ಮಾತು ಕೇಳಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ.

ನಾನು ಮೇಜಿನಿಂದ ಒಂದು ಬಿಳಿ ಹಾಳೆ ತೆಗೆದುಕೊಂಡೆ. ಕಂಪ್ಯೂಟರ್ ಮುಟ್ಟಲಿಲ್ಲ, ಪೆನ್ನು ಹಿಡಿದು ಇಂಗ್ಲಿಷಿನಲ್ಲಿ ಬರೆದೆ. ಈ ಅರ್ಜಿದಾರರು ಗಡುವಿಗೆ ಮೊದಲೇ ಕಾಗದಗಳನ್ನು ನನಗೆ ಕೊಟ್ಟಿದ್ದರು. ಅಶುಭ ಮಾಸದಲ್ಲಿ ಹೊಸ ಕೆಲಸ ಶುರು ಮಾಡಬಾರದೆಂಬ ನಮ್ಮ ಊರಿನ ನಂಬಿಕೆಯಿಂದ, ಅವರನ್ನು ಕೇಳದೆ, ನಾನು ಅವನ್ನು ತೆಗೆದಿಟ್ಟೆ. ತಪ್ಪು ನನ್ನದು, ಅವರದಲ್ಲ. ಇದನ್ನು ನನ್ನ ಮಾನದ ಮೇಲೆ ಹೇಳುತ್ತೇನೆ. ಕೆಳಗೆ ಹೆಸರು ಬರೆದು ಸಹಿ ಹಾಕಿದೆ.

ರಾಯರ ಮುಖ ಕೆಂಪಾಯಿತು. "ನಿನಗೆ ತಲೆ ಕೆಟ್ಟಿದೆಯಾ ಸುಮತಿ? ಏಜೆಂಟು ತಪ್ಪು ಒಪ್ಪಿಕೊಂಡ ಕಾಗದ ಸರಕಾರದ ಕೈಯಲ್ಲಿ ಕೊಟ್ಟರೆ ನಾಳೆ ಆ ಮೆಟ್ಟಿಲು ಹತ್ಲಿಕ್ಕೆ ಬಿಡ್ತಾರಾ ನಮ್ಮನ್ನು?"

"ಆಫೀಸಿನ ಹೆಸರು ಬರೆದಿಲ್ಲ ರಾಯರೇ. ನನ್ನ ಹೆಸರು ಮಾತ್ರ ಉಂಟು."

ಅವರು ಎದ್ದು ಒಳಗಿನ ಕೋಣೆಗೆ ಹೋದರು. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಅರ್ಜಿಯನ್ನು ಪೋರ್ಟಲಿನಲ್ಲಿ ಹಾಕಿದೆವು. ತಡವಾದ ಅರ್ಜಿಯಾದ್ದರಿಂದ ಖುದ್ದಾಗಿ ಬರಲು ಕರೆ ಬಂತು. ಆ ಕಚೇರಿಯ ಬೆಂಚಿನ ಮೇಲೆ ಲೋಕದ ಜನರೆಲ್ಲ ಕೂತಿದ್ದರು. ಎಲ್ಲರ ಮಡಿಲಲ್ಲೂ ಒಂದೊಂದು ಫೋಲ್ಡರು, ಎಲ್ಲರ ಕಣ್ಣಲ್ಲೂ ಒಂದೇ ನಿದ್ದೆ. ಮಳೆಯ ಬೆಳಕಿನಲ್ಲಿ ಅವರೆಲ್ಲ ಒಂದೇ ಲೋಕಲಿಗೆ ಕಾಯುತ್ತಿರುವಂತೆ ಕಂಡರು. ಸಿಲ್ವಿ ನನ್ನ ಕೈ ಹಿಡಿದುಕೊಂಡಿದ್ದರು. ನಾನು ಹಿಡಿದದ್ದೋ ಅವರು ಹಿಡಿದದ್ದೋ, ಈಗ ನೆನಪಿಲ್ಲ.

ಅಧಿಕಾರಿ ಮರಾಠಿಯವರು, ನಿವೃತ್ತಿಗೆ ಹತ್ತಿರವಾದ ವಯಸ್ಸು. ತಡವಾದದ್ದಕ್ಕೆ ಕಾರಣ ಎಲ್ಲಿ ಎಂದು ಕೇಳಿದರು. ನಾನು ಹಾಳೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಸ್ಟ್ಯಾಂಪ್ ಪೇಪರ್ ಕಿಧರ್ ಹೈ? ನೋಟರಿ?"

"ಇಲ್ಲ ಸಾಹೇಬ್. ಇವರ ದೇಶದ ಪದ್ಧತಿಯಲ್ಲಿ ಬರೆದಿದ್ದೇನೆ," ಎಂದೆ ನನ್ನ ಹಿಂದಿಯಲ್ಲಿ.

ಅವರು ಮತ್ತೆ ಓದಿದರು. ಅಶುಭ ಮಾಸ ಯಾವುದು ಎಂದು ಕೇಳಿದರು. ನಿಮ್ಮ ಆಷಾಢದ ಹಾಗೆ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಹೆಂಡತಿ ಆಷಾಢದಲ್ಲಿ ಹೊಸ ಫ್ರಿಜ್ ತರಲಿಕ್ಕೆ ಬಿಡಲಿಲ್ಲ. ತಿಂಗಳಿಡೀ ಹಾಲು ಒಡೆಯಿತು," ಅಂದರು ಹಿಂದಿಯಲ್ಲಿ, ನಮಗೆ ಹೇಳಿದ ಹಾಗೂ ಅಲ್ಲ, ತಮಗೇ ಹೇಳಿಕೊಂಡ ಹಾಗೆ. "ದಿನಾ ಜ್ವರದ ಕಾಗದ ಓದುತ್ತೇನೆ ನಾನು. ಇದು ಹೊಸದು." ಆಮೇಲೆ ಮುಖ ಗಂಟು ಹಾಕಿ, ತೀರ್ಮಾನ ತನ್ನ ಕೈಯಲ್ಲಿಲ್ಲ, ಮೇಲೆ ಕಳಿಸುತ್ತೇನೆ ಎಂದರು. ನಮ್ಮೆದುರೇ ಹಾಳೆಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಹದಿನೇಳು ಎಂದು ಪುಟಸಂಖ್ಯೆ ಬರೆದರು.

ಆಮೇಲಿನ ಮೂರು ವಾರ ಹೇಗೆ ಹೋಯಿತೆಂದು ಕೇಳಬೇಡಿ. ಸಿಲ್ವಿ ಸಂಜೆ ಲೋಕಲಿನಲ್ಲಿ ಅಂಗಡಿಯ ಸುದ್ದಿ ಎತ್ತುತ್ತಿರಲಿಲ್ಲ. ಬಾಗಿಲಿನ ಬಣ್ಣ ಯಾವುದೆಂದು ನಾನೇ ಒಂದು ದಿನ ಕೇಳಿದೆ. "ಗೊತ್ತಿಲ್ಲ, ಸುಮತಿಯಕ್ಕ," ಅಂದರು. ನಾನು ಮನೆಗೆ ಬಂದು ಗಂಡನಿಗೂ ಹೇಳದೆ ಬಚ್ಚಲಲ್ಲಿ ನಿಂತು ಅತ್ತೆ.

ಗಣಪತಿ ವಿಸರ್ಜನೆಯ ಮರುದಿನ ಉತ್ತರ ಬಂತು. ದಂಡ ಕಟ್ಟಿಸಿಕೊಂಡು ತಡವನ್ನು ಮನ್ನಿಸಿದ್ದರು, ಪರವಾನಗಿ ಒಂದು ವರ್ಷಕ್ಕೆ ಮುಂದುವರಿದಿತ್ತು. ದಂಡ ನಾನು ಕೊಡುತ್ತೇನೆಂದರೆ ಸಿಲ್ವಿ ಕೇಳಲಿಲ್ಲ. ರಾಯರು ಕೆಳಗಿನಿಂದ ಮೂರು ಕಾಫಿ ತರಿಸಿದರು. ಮುಂದಿನ ವರ್ಷ ಆಟಿ ಬಂದಾಗ ಡ್ರಾಯರಿನ ಮೇಲೆ ಅವರ ಕೈಬರಹದ ಚೀಟಿ ಅಂಟಿತ್ತು: ಕೇಳಿ ಇಡುವುದು. ಅವರಿಂದ ನನಗೆ ಸಿಕ್ಕಿದ ದೊಡ್ಡ ಕ್ಷಮೆ ಅದು, ಅಥವಾ ಅವರು ಕೇಳಿದ ಕ್ಷಮೆ.

ಅಂಗಡಿ ದೀಪಾವಳಿಗೆ ತೆರೆಯಿತು. ಬಾಗಿಲು ಹಸುರು. ಈಗಲೂ ಇದೆ, ಮಾಟುಂಗಕ್ಕೆ ಹೋದರೆ ನೋಡಬಹುದು. ಮೊಳೆಯಲ್ಲಿ ಟೋಪಿಯೂ ಇದೆ.

ಮೂರನೆಯ ಮಹಡಿಯ ಹುಡುಗಿಗೆ ನಾನು ಹೇಳಬೇಕೆಂದಿರುವುದು ಇಷ್ಟು. ಹೌದು ಮಗಳೇ, ಫಾರ್ಮ್ ತುಂಬುವುದೇ. ರಬ್ಬರ್ ಪಟ್ಟಿ ತೆಗೆದು ನೋಡು. ಒಳ್ಳೆಯದು ಮಾಡುವಾಗಲೂ ಒಂದು ಮಾತು ಕೇಳು. ಸಾವಿರಾರು ಅರ್ಜಿ ಬರೆಯುತ್ತೀಯ, ಎಲ್ಲದರಲ್ಲೂ ಸಹಿ ಬೇರೆಯವರದು. ನನ್ನ ಕಾಲದ ಅಷ್ಟೂ ಕಾಗದಗಳಲ್ಲಿ ನನ್ನ ಹೆಸರಿರುವುದು ಒಂದರಲ್ಲಿ, ಯಾವುದೋ ಕಬ್ಬಿಣದ ಕಪಾಟಿನ ಯಾವುದೋ ಕಡತದ ಹದಿನೇಳನೆಯ ಪುಟದಲ್ಲಿ.

ಅದೂ ಕೆಲವು ಸಲ ಮಧ್ಯಾಹ್ನದ ನಿದ್ದೆಯಲ್ಲಿ ಬರುತ್ತದೆ. ಉಳಿದವುಗಳ ಹಿಂದೆ ಕೊನೆಯದಾಗಿ ಕಿಟಕಿಯಿಂದ ಒಳಗೆ ಬಂದು, ಫ್ಯಾನಿನ ಕೆಳಗೆ ಒಂದು ಸುತ್ತು ತೇಲಿ, ಎದೆಯ ಮೇಲೆ ಕೂರುತ್ತದೆ. ನಾನು ಕೆಳಗಿನ ಸಾಲು ನೋಡುತ್ತೇನೆ. ಅದರಲ್ಲಿ ಸಹಿ ಇರುತ್ತದೆ.